ಬಿರುಕಿನ ತಳದ ಬಾಣ

ಮೂವರೂ ಬಂದದ್ದು ಅಂಗೈ ಅಗಲದ ಒಂದು ಕಲ್ಲಿಗಾಗಿ. ಕಣಿವೆಯ ಕರಿಬಂಡೆಯಲ್ಲಿ ನಲವತ್ತು ಅಡಿ ಆಳದ ಬಿರುಕು; ಅದರ ತಳದಲ್ಲಿ, ಭೂಮಿಯ ಗಾಳಿಗೆ ಆಮ್ಲಜನಕ ಬೆರೆತ ಕಾಲದ ಪದರಗಳು. ಬೂದು ಪದರವೆಂದರೆ ಆಮ್ಲಜನಕವಿಲ್ಲದ ಕಾಲ. ಕೆಂಪೆಂದರೆ ಕಬ್ಬಿಣಕ್ಕೆ ತುಕ್ಕು ಹತ್ತಿದ ಕಾಲ. ಕಲ್ಲನ್ನು ಕೊಯ್ದ ಮೇಲಷ್ಟೇ ಬಣ್ಣ ಕಾಣುವುದು. ಕೆಳಗಿನದು ಹಳತು, ಮೇಲಿನದು ಹೊಸತು. ಹಾಗಾಗಿ ಕೀಳುವ ಮುಂಚೆಯೇ, ಮೇಲೆ ಯಾವ ಕಡೆ ಎಂದು ಬಾಣ ಬರೆಯಬೇಕು.

ಮೂರು ವರ್ಷದ ಹಿಂದೆ, ಮೂವರಲ್ಲಿ ಒಬ್ಬಳಾದ ಸಂಶೋಧಕಿ ಇಲ್ಲಿಂದ ತಂದ ಕಲ್ಲಿನಲ್ಲಿ ಬೂದು ಮೇಲಿತ್ತು. 'ಬಂದ ಆಮ್ಲಜನಕ ಮತ್ತೆ ಹೊರಟುಹೋಯಿತು' ಎಂದು ಪ್ರಕಟಿಸಿದಳು. ಉಳಿದ ಬಂಡೆಗಳೆಲ್ಲ ಬೇರೆಯೇ ಹೇಳಿದಾಗ, ಅಂದು ಹಗ್ಗ ಹಿಡಿದಿದ್ದ ತನ್ನ ಅಕ್ಕನ ಗಂಡನ ಕಡೆ ಬೆರಳು ತೋರಿದಳು: ಬಾಣ ಒದ್ದೆಯಾಗಿ ಅಳಿಸಿ, ಭಾವ ಉಲ್ಟಾ ತಿದ್ದಿರಬೇಕು. ಅಂದಿನಿಂದ ಅವನನ್ನು ಯಾವ ತಂಡವೂ ಕರೆದಿರಲಿಲ್ಲ. ಇಷ್ಟು ಇಕ್ಕಟ್ಟಿಗೆ ಇಳಿಸಬಲ್ಲವರು ಬೇರೆ ಸಿಗದೆ, ಈಗ ಅಕ್ಕನಿಂದ ಹೇಳಿಸಿ ಅವನನ್ನೇ ಕರೆತಂದಿದ್ದಳು.

"ಬಾಣ ನಾನೇ ಬರೀತೀನಿ. ಯಾರೂ ಮುಟ್ಟಬೇಡಿ," ಎಂದಳು.

"ನಾನು ಮುಟ್ಟೋದು ಹಗ್ಗ ಮಾತ್ರ, ಡಾಕ್ಟರಮ್ಮ," ಎಂದ ಭಾವ.

"ಭಾವ ನಾದಿನಿ ಜಗಳ ಆಮೇಲೆ ಇಟ್ಕೊಳ್ಳಿ," ಎಂದ ಸಾಮಾನು ಹೊರುವ ಹರಟೆಮಲ್ಲ. "ಮಳೆ ಬಂದ್ರೆ ಈ ಬಿರುಕು ಬಾವಿ ಆಗುತ್ತೆ."

ಬಗ್ಗಲೂ ಜಾಗವಿಲ್ಲದ ಬಿರುಕಿನ ತಳಕ್ಕೆ ತಲೆಕೆಳಗಾಗಿಯೇ ಇಳಿಯಬೇಕು. ಭಾವ ಗೇಣು ಗೇಣಾಗಿ ಹಗ್ಗ ಬಿಟ್ಟ. ರಕ್ತ ಅವಳ ಮುಖಕ್ಕೆ ನುಗ್ಗಿತು. ಅವಳು ಮೇಣದ ಪೆನ್ಸಿಲ್ ತೆಗೆದು ಬಾಣ ಎಳೆದಳು.

ಹಣೆಯಿಂದ ಬೆವರ ಹನಿಯೊಂದು ಬಂಡೆಗೆ ತಾಗಿತು. ಬಾಣದ ಗೆರೆಯ ಮೇಲೇ ಜಾರಿ, ಮೊನೆ ದಾಟಿ, ಕೆಳಗೆ ಉದುರಿತು.

ಅವಳ ಕೈ ನಿಂತುಬಿಟ್ಟಿತು. ಅವಳು ಬರೆದದ್ದು ತನ್ನ ತಲೆಯ ಕಡೆಗೆ, ಅಂದರೆ ಕೆಳಕ್ಕೆ. ಅವತ್ತೂ ಹೀಗೇ ನೇತಾಡಿದ್ದಳು.

ಅಳಿಸಿ ಸರಿಯಾಗಿ ಬರೆದರೆ ಯಾರಿಗೂ ತಿಳಿಯದು. ತಪ್ಪು ಭಾವನ ತಲೆಗೇ ಕಾಯಂ. ಹೆಬ್ಬೆರಳು ಒರೆಸಲು ಹೋಯಿತು. ಹೋದದ್ದಕ್ಕೇ ಅವಳಿಗೆ ಅಸಹ್ಯವಾಯಿತು. ಮೊದಲ ಬಾಣದ ಮೇಲೆ ಅಡ್ಡಗೆರೆ ಹಾಕಿ, ಪಕ್ಕದಲ್ಲಿ ಪಾದದ ಕಡೆಗೆ ಇನ್ನೊಂದು ಎಳೆದಳು. ಉಳಿಯಿಟ್ಟು ಹೊಡೆದಳು.

ಕಲ್ಲು ಎದ್ದಿತು. ಜೊತೆಗೆ ಮೇಲಿನ ಚಪ್ಪಡಿಯೂ ಕುಸಿದು ಅವಳ ಎದೆಯನ್ನು ಅಮುಕಿತು.

"ಭಾವಾ! ಎದೆ ಸಿಕ್ಕಿಕೊಂಡಿದೆ, ಎಳೀರಿ!"

"ಎಳೆದ್ರೆ ಪಕ್ಕೆಲುಬು ಮುರಿಯುತ್ತೆ! ಉಸಿರು ಪೂರ್ತಿ ಬಿಡು ಪುಟ್ಟಿ, ಎದೆ ಸಣ್ಣ ಮಾಡು!"

ಬಿಟ್ಟಳು. ಹಗ್ಗ ಜಗ್ಗಿತು. ಅಂಗಿ ಹರಿಯಿತು, ಚರ್ಮ ಕಿತ್ತುಬಂತು. ಒಂದು ಗೇಣು. ಇನ್ನೊಂದು.

ಮೇಲೆ ಬಂದಾಗ ಭಾವನ ಅಂಗೈ ಸುಲಿದು ರಕ್ತವಾಗಿತ್ತು. ಅವಳು ಅವನ ಮುಖ ನೋಡದೆ ಕಲ್ಲು ಚಾಚಿದಳು.

"ಎರಡು ಬಾಣ ಯಾಕೆ?"

"ಅಡ್ಡಗೆರೆ ಹಾಕಿದ್ದು ಅವತ್ತಿನ ತಪ್ಪು. ತಲೆಕೆಳಗಿದ್ದದ್ದು ನಾನು, ಭಾವ. ನೀವಲ್ಲ."



"ಮೂರು ವರ್ಷ," ಎಂದ ಭಾವ. "ನಿಮ್ಮಕ್ಕ ಕೂಡ ಒಂದಿನ ಕೇಳಿದ್ಲು, ನಿಜವಾಗ್ಲೂ ನೀವು ತಿದ್ಲಿಲ್ವಾ ಅಂತ."

ಅವಳು ಸ್ಯಾಟಲೈಟ್ ಫೋನ್ ತೆಗೆದು, ಸಂಸ್ಥೆಯ ಮುಖ್ಯಸ್ಥರಿಗೆ ಇಬ್ಬರೂ ಕೇಳುವಂತೆ ಎಲ್ಲವನ್ನೂ ಹೇಳಿದಳು. "ಬರೆದು ಕಳಿಸಿ," ಎಂದರು ಅವರು.

"ಕಳಿಸ್ತೀನಿ. ಎಲ್ಲಾ ತಂಡಗಳಿಗೂ ಕಳಿಸ್ತೀನಿ."

ಭಾವ ಸುಲಿದ ಕೈ ಚಾಚಿ ಫೋನ್ ಇಸಿದುಕೊಂಡ. "ಸಾರ್, ಮುಂದಿನ ತಂಡ ಯಾವಾಗ ಹೊರಡುತ್ತೆ?"