ಎರಡು ಮುಳ್ಳಿನ ಯಂತ್ರ

ಕೇಲಬ್ ವಿಟ್‌ಮೋರ್ ಸೊಗಸಾಗಿ ಮಾತಾಡುತ್ತಿದ್ದ, ಅದರಲ್ಲಿ ಎರಡು ಮಾತಿಲ್ಲ. ಮಿಲ್‌ಹೇವನ್ ನಗರದ ಒಂದು ಮರದ ಮನೆಯ ಮೆಟ್ಟಿಲ ಮೇಲೆ ನಿಂತು, ಪ್ರಜಾಪ್ರಭುತ್ವ ಎಂದರೇನು, ಅಮೆರಿಕದಲ್ಲಿ ಅದು ಹೇಗೆ ಹಾಳಾಯಿತು, ಈಗ ಅದನ್ನು ಉಳಿಸಬಲ್ಲವರು ಯಾರು ಎಂಬುದನ್ನೆಲ್ಲ ನೀರು ಕುಡಿದಷ್ಟು ಸುಲಭವಾಗಿ ವಿವರಿಸುತ್ತಿದ್ದ. ಬಾಗಿಲು ತೆರೆದ ಮುದುಕ ತನ್ನ ನಾಯಿಯ ಕಿವಿ ಕೆರೆಯುತ್ತ ನಿಂತಿದ್ದ. ಪಕ್ಕದಲ್ಲಿ ಡಾ. ಸ್ಫೂರ್ತಿ ಹಲಗತ್ತಿ, ಮುದುಕನ ಒಪ್ಪಿಗೆ ಪಡೆದು, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಹಿಡಿದುಕೊಂಡಿದ್ದಳು. ಅದರ ಮೇಲೆ ಎರಡು ಮುಳ್ಳುಗಳಿದ್ದವು. ಎಡಗಡೆಯದು ಮಾತಾಡುವವನದು, ಬಲಗಡೆಯದು ಕೇಳುವವನದು. ಎರಡೂ ಸೊನ್ನೆಯ ಮೇಲೆ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದವು.

"ಆದ್ದರಿಂದ ತಿದ್ದುಪಡಿಗೆ ನಿಮ್ಮ ಮತ ಎಷ್ಟು ಅಮೂಲ್ಯ ಅಂದರೆ..." ಎಂದು ಕೇಲಬ್ ಮುಕ್ತಾಯಕ್ಕೆ ಬಂದ.

"ನಾಯಿಗೆ ಊಟದ ಹೊತ್ತಾಯ್ತು," ಎಂದು ಮುದುಕ ಬಾಗಿಲು ಹಾಕಿಕೊಂಡ.

ಕೇಲಬ್ ಮೆಟ್ಟಿಲಿಳಿಯುತ್ತ ನಕ್ಕ. "ಬೀಜ ಬಿತ್ತಿದ್ದೇವೆ. ನಿಧಾನಕ್ಕೆ ಮೊಳಕೆ ಒಡೆಯುತ್ತೆ."

"ಮುಳ್ಳು ಅಲುಗಲಿಲ್ಲ," ಎಂದಳು ಸ್ಫೂರ್ತಿ.

"ಅವನದಾ?"

"ಇಬ್ಬರದೂ."

ಕೇಲಬ್ ಆಗಲೇ ಮುಂದಿನ ಮನೆಯ ಗಂಟೆ ಒತ್ತಿದ್ದ.

ಇದು ೨೦೬೧ರ ಅಕ್ಟೋಬರ್. ಸ್ಫೂರ್ತಿ ಧಾರವಾಡದಲ್ಲಿ ಶರೀರವಿಜ್ಞಾನ ಓದಿ, ಈ ಸರೋವರದ ದಡದ ಊರಿನಲ್ಲಿ ಪ್ರಯೋಗಾಲಯ ಕಟ್ಟಿಕೊಂಡು ಇಪ್ಪತ್ತೈದು ವರ್ಷವಾಗಿತ್ತು. ಮನುಷ್ಯ ತಾನು ನಂಬಿದ್ದನ್ನು ಕಿಂಚಿತ್ತಾದರೂ ಸಡಿಲಿಸುವ ಕ್ಷಣದಲ್ಲಿ ಅವನ ದೇಹದಲ್ಲಿ ಏನಾಗುತ್ತದೆ ಎಂಬುದು ಅವಳ ಪ್ರಶ್ನೆ. ಮಿದುಳು ಸದಾ ಮುಂದಿನದನ್ನು ಊಹಿಸುತ್ತಲೇ ಇರುತ್ತದೆ. ಊಹೆ ತಪ್ಪಿ, ಆ ತಪ್ಪನ್ನು ಅದು ಒಪ್ಪಿಕೊಂಡಾಗ, ಉಸಿರು ಕಣ್ಣೆವೆ ಇಕ್ಕುವಷ್ಟು ಹೊತ್ತು ತಡೆಯುತ್ತದೆ, ಮೂಗಿನ ತುದಿ ಒಂದಿಷ್ಟು ತಣ್ಣಗಾಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ. ಸಿಟ್ಟಿಗೂ ಸಂತೋಷಕ್ಕೂ ಈ ಮೂರೂ ಒಟ್ಟಿಗೆ ಬರುವುದಿಲ್ಲ. ಶಾಖವನ್ನು ಕಾಣುವ ಕ್ಯಾಮೆರಾ ಮತ್ತು ಸೂಕ್ಷ್ಮ ಮೈಕು ಇಟ್ಟು ಅವಳು ಇದನ್ನು ಹಿಡಿದಳು. ಪರದೆಯ ಮೇಲೆ ಅಂಕಿ ತೋರಿಸಬಹುದಿತ್ತು. ಆದರೆ ಹಳೆಯ ಗಡಿಯಾರದಂಥ ಮುಳ್ಳೇ ಅವಳಿಗೆ ಇಷ್ಟ, ಅಂಕಿಯ ಜೊತೆ ವಾದ ಮಾಡುವ ಜನ ಮುಳ್ಳಿನ ಜೊತೆ ಮಾಡುವುದಿಲ್ಲ ಎಂದು ಅವಳ ಎಣಿಕೆ.

ಈ ಯಂತ್ರವನ್ನು ಮೊದಲು ಯಾರಿಗೆ ಕೊಡಬೇಕೆಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಆ ರಾಜ್ಯದಲ್ಲಿ ಚುನಾವಣೆ ಗೆದ್ದವರೇ ಮುಂದಿನ ಚುನಾವಣೆಯ ಕ್ಷೇತ್ರಗಳ ಗಡಿಯನ್ನು ಗೀಚುತ್ತಿದ್ದರು. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ. ನೂರಕ್ಕೆ ನಲವತ್ತೈದು ಮತ ಪಡೆದವರು ಅರವತ್ತು ಸ್ಥಾನ ಹಿಡಿದು ಕೂತಿದ್ದರು. ಸ್ಫೂರ್ತಿಯ ಬೀದಿಯ ನಟ್ಟನಡುವೆಯೇ ಒಂದು ಗಡಿ ಹಾದುಹೋಗಿ, ಅವಳ ಮನೆ ಎಲ್ಲೋ ದೂರದ ಜೋಳದ ಹೊಲಗಳ ಕ್ಷೇತ್ರಕ್ಕೆ ಸೇರಿತ್ತು. ಈ ದೇಶದ ಪೌರತ್ವದ ಪ್ರಮಾಣವಚನವನ್ನು ಅವಳು ಕಣ್ಣೀರು ಹಾಕಿಕೊಂಡು ಸ್ವೀಕರಿಸಿದವಳು. ಅಂದಿನಿಂದ ತಪ್ಪದೆ ಹಾಕಿದ ಮತವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಈಗ 'ಸಮಾನಮತ ಆಂದೋಲನ' ಎಂಬ ಪ್ರಗತಿಪರರ ಗುಂಪು, ಮತದ ಪ್ರಮಾಣಕ್ಕೆ ತಕ್ಕಷ್ಟೇ ಸ್ಥಾನ ಎಂಬ ತಿದ್ದುಪಡಿಯನ್ನು ಜನಮತಕ್ಕೆ ತಂದಿತ್ತು. ನೂರಕ್ಕೆ ಅರವತ್ತು ಬಂದರೆ ಗೆಲುವು. ಸಾಯುವುದರೊಳಗೆ ತನ್ನ ಒಂದು ಮತವಾದರೂ ಲೆಕ್ಕಕ್ಕೆ ಬರಬೇಕು ಎಂಬುದು ಅವಳ ಆಸೆ. ಯಂತ್ರವೂ ಹೆಸರು ಮಾಡಬೇಕು ಎಂಬುದು ಆ ಆಸೆಯ ತಂಗಿ.

ಕೇಲಬ್ ಈ ಆಂದೋಲನದ ನಾಯಕ. ಬಡವರ ಬಗ್ಗೆ ಎರಡು ಪುಸ್ತಕ ಬರೆದಿದ್ದ. ಬಡವರಲ್ಲಿ ಯಾರಾದರೂ ಅವನ್ನು ಓದಿದ್ದರೆ ಅದು ಅಪಘಾತ. ಅವನ ಕಾರ್ಯಕರ್ತರೂ ಅವನ ಅಚ್ಚಿನಲ್ಲೇ ಎರಕ ಹೊಯ್ದವರು. ಮನೆಮನೆಗೆ ಹೋಗಿ ಬಾಗಿಲು ತಟ್ಟುತ್ತಿದ್ದರು, ತಮಗೆ ಗೊತ್ತಿದ್ದನ್ನು ಸುರಿದು ಬರುತ್ತಿದ್ದರು. ವಾರಗಟ್ಟಲೆ ಸ್ಫೂರ್ತಿ ಅವರ ಹಿಂದೆ ಸುತ್ತಿದಳು. ಮುಳ್ಳುಗಳು ಏಳಲೇ ಇಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ಕಾರ್ಯಕರ್ತರು ಜನರನ್ನು ಬೈದುಕೊಳ್ಳುತ್ತಿದ್ದರು. ಇಲ್ಲಿ ಕೋಣ ಯಾರು ಎಂಬ ಅನುಮಾನ ಅವರಲ್ಲಿ ಒಬ್ಬರಿಗೂ ಬಂದಂತಿರಲಿಲ್ಲ.

ಅಲುಗಿದ್ದು ರೆನಾಟಾ ಕೊವಾಲ್‌ಸ್ಕಿಯ ಹತ್ತಿರ ಮಾತ್ರ. ಈಕೆ ಮನೆ ಮಾರಿಸಿಕೊಡುವ ದಲ್ಲಾಳಿ, ಬಾಯಿಬಡುಕಿ. ಆಂದೋಲನಕ್ಕೆ ಸೇರಿದ್ದೇ ಹೊತ್ತು ಹೋಗದೆ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಒಬ್ಬ ನಿವೃತ್ತ ಲಾರಿ ಮೆಕ್ಯಾನಿಕ್‌ನ ಮನೆಯಲ್ಲಿ ಅವಳು ತಿದ್ದುಪಡಿಯ ಮಾತೆತ್ತುವ ಮೊದಲು ಅವನ ಮಾಡಿನ ಸೋರಿಕೆಯ ಬಗ್ಗೆ, ಅವನ ಸೊಂಟ ನೋವಿನ ಬಗ್ಗೆ ಹರಟಿದಳು. ಆಮೇಲೆ ಅವನೇ ಕೇಳಿದ.

"ನನ್ನ ಅಣ್ಣ ಇನ್ನೂ ಹಳ್ಳಿಯಲ್ಲೇ ಇದ್ದಾನೆ. ನಿಮ್ಮ ಲೆಕ್ಕ ಜಾರಿಗೆ ಬಂದರೆ ಅವನ ಕೌಂಟಿಯಿಂದ ಶಾಸನಸಭೆಗೆ ಒಬ್ಬನೂ ಹೋಗುವುದಿಲ್ಲ. ಸೇತುವೆ ಕುಸಿದರೆ ಅವನು ಯಾರಿಗೆ ಫೋನ್ ಮಾಡಬೇಕು? ನಿಮಗಾ?"

ಕೌಂಟಿ ಎಂದರೆ ನಮ್ಮ ತಾಲ್ಲೂಕಿನಂಥದ್ದು. ರೆನಾಟಾ ಕೈಲಿದ್ದ ಕರಪತ್ರವನ್ನು ಕೆಳಗಿಟ್ಟಳು. "ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ," ಎಂದಳು.

ಎಡಗಡೆಯ ಮುಳ್ಳು ಚಂಗನೆ ಎದ್ದಿತು. ಅದರ ಬೆನ್ನಿಗೇ ಬಲಗಡೆಯದೂ ಎದ್ದಿತು. ಕೌಂಟಿಗೊಂದು ಸ್ಥಾನವನ್ನು ಕಾಯಂ ಮಾಡುವ ಹಾಗಿದ್ದರೆ ಹೇಗೆ ಎಂದು ಅವಳು ಕೇಳಿದಳು. ಹಾಗಿದ್ದರೆ ಮತ ಹಾಕಬಹುದಪ್ಪ ಎಂದು ಅವನು ಹೇಳಿದ. ಸ್ಫೂರ್ತಿ ಆನಂದದಿಂದ ಎರಡೂ ಮುಳ್ಳು ಏರಿದ ಎತ್ತರವನ್ನು ಅಲ್ಲೇ ಬರೆದುಕೊಂಡಳು. ಮುಂದಿನ ಮನೆಗಳಲ್ಲೂ ಇದೇ ಆಯಿತು. ರೆನಾಟಾಳ ಮುಳ್ಳು ಅಲುಗಿದ ಕಡೆಯೆಲ್ಲ ಎದುರಿನವರದ್ದೂ ಅಲುಗಿತು. ಅವಳು ಬೇಸತ್ತು ಪಾಠ ಒಪ್ಪಿಸಿದ ಕಡೆ ಎರಡೂ ಸತ್ತು ಬಿದ್ದಿದ್ದವು. ಮಾತಾಡುವವನ ಮುಳ್ಳು ಅಲುಗದೆ ಕೇಳುವವನದು ಅಲುಗಿದ ಉದಾಹರಣೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಇದು ಬರೀ ಯಂತ್ರವಲ್ಲ, ನಿಯಮ ಎಂದು ಸ್ಫೂರ್ತಿಗೆ ಖಾತ್ರಿಯಾಯಿತು.

ಆಂದೋಲನದ ಸಭೆ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ನಡೆಯಿತು. ಈ ಸಭೆಗಳಿಗೆ ಒಂದು ಮಡಿ ಇತ್ತು. ಮೊದಲು, ಈ ನೆಲ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು ಎಂಬ ಹೇಳಿಕೆಯನ್ನು ಗದ್ಗದಿತರಾಗಿ ಓದುತ್ತಿದ್ದರು. ಓದಿದ ಮೇಲೆ ಯಾರೂ ಒಂದು ಗೇಣು ನೆಲವನ್ನೂ ವಾಪಸು ಕೊಟ್ಟದ್ದಿಲ್ಲ. ಚಪ್ಪಾಳೆಯ ಸದ್ದಿನಿಂದ ಯಾರಿಗಾದರೂ ಆಘಾತವಾದೀತೆಂದು ಗಾಳಿಯಲ್ಲಿ ಬೆರಳು ಆಡಿಸಿ ಮೆಚ್ಚುಗೆ ತೋರಿಸುತ್ತಿದ್ದರು. ಹಸಿ ಕ್ಯಾರೆಟ್ಟು, ಕಡಲೆಯ ಚಟ್ನಿ ಇಡುತ್ತಿದ್ದರು. ಎಲ್ಲರೂ ಒಪ್ಪುವ ತನಕ ಯಾವುದೂ ತೀರ್ಮಾನವಾಗುತ್ತಿರಲಿಲ್ಲ, ಹೀಗಾಗಿ ಬಹುಮಟ್ಟಿಗೆ ತೀರ್ಮಾನವಾಗುತ್ತಿದ್ದುದು ಮುಂದಿನ ಸಭೆ ಯಾವಾಗ ಎಂಬುದೊಂದೇ.

ಸ್ಫೂರ್ತಿ ತನ್ನ ನಿಯಮವನ್ನು ವಿವರಿಸಿ ಕೂತಳು. ಒಂದು ಬೆರಳೂ ಆಡಲಿಲ್ಲ.

"ನಮ್ಮ ಮುಳ್ಳು ಯಾಕೆ ಅಲುಗಬೇಕು?" ಎಂದು ಕೇಲಬ್ ಕೇಳಿದ, ನಿಜಕ್ಕೂ ಅರ್ಥವಾಗದೆ. "ನಾವು ಸರಿಯಾಗೇ ಇದ್ದೇವಲ್ಲ?"

ರೆನಾಟಾ ಎದ್ದು ನಿಂತಳು. "ತಿದ್ದುಪಡಿಯ ಪಠ್ಯ ಈಗ ಬದಲಾಯಿಸೋಕಾಗಲ್ಲ, ಗೊತ್ತು. ಆದರೆ ಮುಂದೆ ಬರುವ ಕಾಯ್ದೆಯಲ್ಲಿ ಪ್ರತಿ ಕೌಂಟಿಗೂ ಒಂದು ಸ್ಥಾನ ಇಡಿಸುತ್ತೇವೆ ಅಂತ ನಾವೆಲ್ಲ ಬಹಿರಂಗವಾಗಿ ಮಾತು ಕೊಡಬಹುದು. ಕೇಳೋದು ನ್ಯಾಯವಾಗೇ ಇದೆ, ಕೇಲಬ್. ನಾನು ಅವರ ಮನೆಗಳಲ್ಲಿ ಕೂತು ಬಂದಿದ್ದೇನೆ."

ಅಷ್ಟೇ ಸಾಕಾಯಿತು. ಚರ್ಚೆ ನ್ಯಾಯದ ಕಡೆ ಹೋಗಲೇ ಇಲ್ಲ, ರೆನಾಟಾಳ ಕಡೆ ತಿರುಗಿತು. ಇವಳ ಮುಳ್ಳು ಇಷ್ಟು ಸುಲಭವಾಗಿ ಅಲುಗುವುದಾದರೆ ಇವಳ ನಂಬಿಕೆ ಎಂಥದ್ದು? ಇವಳು ನಮ್ಮವಳೇ ಹೌದೇ? ಆಂದೋಲನದಲ್ಲಿ ಯಾರನ್ನೂ ಹೊರಹಾಕುವ ಪದ್ಧತಿ ಇರಲಿಲ್ಲ, ಅದು ಹಿಂಸೆಯಾಗುತ್ತದೆ. ಬದಲಿಗೆ ಅವಳನ್ನು ಆರು ವಾರದ 'ಕಲಿಕಾ ವಲಯ'ಕ್ಕೆ ಪ್ರೀತಿಯಿಂದ ಕಳಿಸುವುದೆಂದು ನಿರ್ಧಾರವಾಯಿತು. ಆ ದಿನ ಮಾತ್ರ ಎಲ್ಲರೂ ತಡವಿಲ್ಲದೆ ಒಪ್ಪಿದರು.

"ಆರು ವಾರ? ಮತದಾನ ಇರೋದು ನಾಲ್ಕು ವಾರದಲ್ಲಿ!" ಎಂದಳು ರೆನಾಟಾ. ಉತ್ತರವಾಗಿ ಬೆರಳುಗಳು ಗಾಳಿಯಲ್ಲಿ ಆಡಿದವು. ಅವಳು ಒಂದು ಕ್ಯಾರೆಟ್ಟು ಬಾಯಿಗೆ ಹಾಕಿಕೊಂಡು ಹೊರಟೇ ಹೋದಳು.

ಸಭೆ ಮುಗಿದ ಮೇಲೆ ಕೇಲಬ್ ಸ್ಫೂರ್ತಿಯನ್ನು ಪಕ್ಕಕ್ಕೆ ಕರೆದ. "ಯಂತ್ರ ಅದ್ಭುತವಾಗಿದೆ, ಡಾಕ್ಟರ್. ಎಲ್ಲ ಕಾರ್ಯಕರ್ತರಿಗೂ ಒಂದೊಂದು ಬೇಕು. ಒಂದು ಸಣ್ಣ ಬದಲಾವಣೆ ಮಾತ್ರ. ಎಡಗಡೆಯ ಮುಳ್ಳು ತೆಗೆದುಬಿಡಿ. ಅದನ್ನು ನೋಡಿ ನಮ್ಮವರಿಗೆ ನೋವಾಗ್ತಾ ಇದೆ."

"ಅದನ್ನು ತೆಗೆದರೆ ಬಲಗಡೆಯದು ಯಾಕೆ ಅಲುಗಲಿಲ್ಲ ಅಂತ ತಿಳಿಯೋದೇ ಇಲ್ಲ."

"ಅದು ನಮಗೆ ಮೊದಲೇ ಗೊತ್ತಲ್ಲ. ಜನರಿಗೆ ತಿಳಿವಳಿಕೆ ಕಮ್ಮಿ."

ಅವಳು ಆ ಕ್ಷಣವೇ ಆಗದು ಎನ್ನಬೇಕಿತ್ತು. ಯೋಚಿಸಿ ಹೇಳುತ್ತೇನೆ ಎಂದಳು. ಯೋಚಿಸಿ ಹೇಳುತ್ತೇನೆ ಎನ್ನುವ ವಿಜ್ಞಾನಿ ಆಗಲೇ ಅರ್ಧ ಒಪ್ಪಿರುತ್ತಾನೆ. ಮನೆಯಲ್ಲಿ ಅವಳ ಗಂಡ ಗುರುಸಿದ್ಧ ರೊಟ್ಟಿ ಬಡಿಯುತ್ತಿದ್ದ. ಅವನು ಹಲ್ಲಿನ ಡಾಕ್ಟರು, ಗದಗಿನವನು, ಹೆಂಡತಿಯ ಆಂದೋಲನವನ್ನು ದೂರದಿಂದ ನೋಡಿ ನಗುವುದು ಅವನ ಹವ್ಯಾಸ.

"ಏನಂದಾ ನಿಮ್ಮ ಗಾಂಧಿ?" ಎಂದು ಕೇಳಿದ.

"ಎಡಗಡಿ ಮುಳ್ಳು ತೆಗಿ ಅಂತಾನ್ರೀ."

"ಅಲ್ಲಾ, ಒಂದ ತಟ್ಟಿ ಕಿತ್ತಿ ಒಗದರ ತಕ್ಕಡಿ ಏನ ತೂಗತೈತಿ?"

"ನಿಮಗ ತಿಳಿಯಂಗಿಲ್ಲ, ಸುಮ್ನಿರ್ರಿ. ಈಗ ಒಲ್ಲೆ ಅಂದ್ರ ಯಂತ್ರಾನ ಬಿಟ್ಟಬಿಡ್ತಾರ. ತಿದ್ದುಪಡಿ ಬಿದ್ದರ ಮತ್ತ ಹತ್ತ ವರ್ಷ ಅದ ಹಾಡು. ಮೊದಲ ಗೆಲ್ಲೂಣು, ಆಮ್ಯಾಲ ಮುಳ್ಳು ಹಚ್ಚೂಣು."

"ಈ ಮಂದಿ ಅಮೇರಿಕಾನ ಬದ್ಲಿ ಮಾಡ್ತಾರಂತ ನಿನಗ ನಂಬಿಕಿ ಐತೇನು?"

"ಮಾಡಬಹುದು."

"ಒಂದ ಮುಳ್ಳು ನೋಡಾಕ ಧೈರ್ಯ ಇಲ್ಲಾ, ದೇಶಾ ತಿರುವಿ ಹಾಕ್ತಾರಂತ," ಎಂದು ಅವನು ರೊಟ್ಟಿ ತಿರುವಿ ಹಾಕಿದ. ಸ್ಫೂರ್ತಿಗೆ ಮೈಯೆಲ್ಲ ಉರಿಯಿತು. ಮಾರನೆಯ ದಿನ ಪ್ರಯೋಗಾಲಯದಲ್ಲಿ ಕೂತು ಎಡಗಡೆಯ ತಂತಿಯನ್ನು ತಾನೇ ಕತ್ತರಿಸಿ, ಆ ಮಾದರಿಯನ್ನೇ ತಯಾರಿಕೆಗೆ ಕಳಿಸಿದಳು. ಹಳೆಯ ಯಂತ್ರವೊಂದನ್ನು ಮಾತ್ರ, ತಂತಿ ಮುಟ್ಟದೆ, ತನಗಾಗಿ ಇಟ್ಟುಕೊಂಡಳು.

ತಿದ್ದುಪಡಿಯನ್ನು ವಿರೋಧಿಸುವ 'ಪರಂಪರಾ ರಕ್ಷಣಾ ಕೂಟ'ಕ್ಕೂ ಸುದ್ದಿ ಮುಟ್ಟಿತು. ಈ ಮಹನೀಯರು ಗಡಿ ಗೀಚಿಯೇ ಮೂರು ತಲೆಮಾರು ಗೆದ್ದವರು, ಯಾರ ಮನಸ್ಸನ್ನೂ ಬದಲಿಸುವ ಕಷ್ಟ ಅವರಿಗೆ ಬಿದ್ದದ್ದೇ ಇಲ್ಲ. ಆದರೂ ಒಂದು ಗಾಡಿ ಯಂತ್ರ ತರಿಸಿದರು. ನಮಗೂ ಒಂಟಿ ಮುಳ್ಳಿನದೇ ಇರಲಿ ಎಂದು ಬರೆದಿದ್ದರು. ಇಡೀ ರಾಜ್ಯದಲ್ಲಿ ಎರಡು ಬಣಗಳೂ ಒಪ್ಪಿದ ವಿಷಯ ಅದೊಂದೇ ಇರಬೇಕು.

ತಿದ್ದುಪಡಿಗೆ ನೂರಕ್ಕೆ ಐವತ್ತೇಳು ಮತ ಬಿದ್ದು ಅದು ಸೋತಿತು. ರೆನಾಟಾ ಸುತ್ತಿದ್ದ ಬೀದಿಗಳಲ್ಲಿ ಮಾತ್ರ ಎಪ್ಪತ್ತು ದಾಟಿತ್ತು. ಆ ವಿವರವನ್ನು ಆಂದೋಲನದಲ್ಲಿ ಯಾರೂ ಬಾಯಿಗೆ ತರಲಿಲ್ಲ, ಎಲ್ಲರೂ ಸೇರಿ ಕೈ ಕೈ ಹಿಡಿದು ಸಾಂತ್ವನದ ಸಭೆ ಮಾಡಿಕೊಂಡರು. ಜನ ಇನ್ನೂ ಸಿದ್ಧರಿಲ್ಲ ಎಂದು ಕೇಲಬ್ ಹೇಳಿಕೆ ಕೊಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವನು ಮೂರನೆಯ ಪುಸ್ತಕ ಶುರು ಮಾಡಿದ. ಸ್ಫೂರ್ತಿಯ ಮತ ಇನ್ನು ಮುಂದಿನ ಚುನಾವಣೆಗಳಲ್ಲೂ ಎಂದಿನಂತೆ ಜೋಳದ ಹೊಲಕ್ಕೇ ಹೋಗಿ ಬೀಳುವುದೆಂದಾಯಿತು.

ಸೋಲದಿದ್ದುದು ಯಂತ್ರ. ಒಂಟಿ ಮುಳ್ಳಿನ ಪೆಟ್ಟಿಗೆ ಲಕ್ಷಗಟ್ಟಲೆ ಮಾರಾಟವಾಯಿತು. ಗಂಡಂದಿರು ಕೊಂಡರು, ಅತ್ತೆಯರು ಕೊಂಡರು, ಮೇಷ್ಟರು ಕೊಂಡರು, ಪಾದ್ರಿಗಳು ಕೊಂಡರು. ಎಲ್ಲರೂ ಎದುರಿನವರ ಕಡೆ ಹಿಡಿದು, ಮುಳ್ಳು ಸೊನ್ನೆಯಲ್ಲಿರುವುದನ್ನು ನೋಡಿ, ತಾವು ಮೊದಲೇ ಅಂದುಕೊಂಡಿದ್ದು ಸರಿ ಎಂದು ನೆಮ್ಮದಿಯಾಗಿ ಮಲಗಿದರು. ಹಾಗೆ ನೋಡಿದರೆ ಅದಕ್ಕೆ ಯಂತ್ರ ಬೇಕಾಗಿಯೂ ಇರಲಿಲ್ಲ. ನಲವತ್ತು ವರ್ಷ ಹಿಂದೆ, ಜನ ಅಂಗೈಯಗಲದ ಫೋನು ಹಿಡಿದು ಇಡೀ ದಿನ ಪರಸ್ಪರ ಪಾಠ ಹೇಳಿಕೊಳ್ಳುತ್ತಿದ್ದ ಕಾಲದಲ್ಲೂ, ಈ ಕೆಲಸ ಚೆನ್ನಾಗಿಯೇ ನಡೆಯುತ್ತಿತ್ತು.

ಚಳಿಗಾಲ ಕಳೆದ ಮೇಲೆ ಸ್ಫೂರ್ತಿ ಒಂದು ಮಧ್ಯಾಹ್ನ ಕೇಲಬ್‌ನನ್ನು ಕಾಫಿಗೆ ಕರೆದಳು. ಮುಂದಿನ ಜನಮತಕ್ಕಾದರೂ ಇವನಿಗೆ ಬುದ್ಧಿ ಬರಲಿ ಎಂದು ಅವಳ ಹಟ. ಎರಡು ಮುಳ್ಳಿನ ಹಳೆಯ ಯಂತ್ರವನ್ನು, ಏರಿದ ಮುಳ್ಳು ಮತ್ತೆ ಇಳಿಯದಂತೆ ಕೊಂಡಿ ಹಾಕಿ, ಮೇಜಿನ ಮೇಲೆ ಅವನ ಕಣ್ಣೆದುರಿಗೇ ಇಟ್ಟಳು. ಆಮೇಲೆ ಹೇಳಬೇಕಾದ್ದನ್ನೆಲ್ಲ ಹೇಳಿದಳು. ರೆನಾಟಾಳ ಬೀದಿಗಳ ಫಲಿತಾಂಶ ಇಟ್ಟಳು, ನಿಯಮವನ್ನು ಮಗುವಿಗೂ ತಿಳಿಯುವಂತೆ ಬಿಡಿಸಿದಳು, ಅವನ ಒಣಜಂಬದಿಂದಲೇ ಒಂದು ರಾಜ್ಯದ ಪ್ರಜಾಪ್ರಭುತ್ವ ಹತ್ತು ವರ್ಷ ಹಿಂದಕ್ಕೆ ಹೋಯಿತು ಎಂದು ಮುಖಕ್ಕೆ ಹೊಡೆದಂತೆ ಅಂದಳು. ತಾನು ಇಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲ ಎಂದು ಅವಳಿಗೇ ಅನ್ನಿಸಿತು. ಕೇಲಬ್ ಕಾಫಿ ಕಲಕುತ್ತ ಎಲ್ಲವನ್ನೂ ಕೇಳಿಸಿಕೊಂಡ.

"ತಂತಿ ಕತ್ತರಿಸಿದ್ದು ನೀವೇ ಅಲ್ಲವಾ, ಡಾಕ್ಟರ್?" ಎಂದು ಮೆಲ್ಲಗೆ ಕೇಳಿದ.

"ಅದು ಬೇರೆ ವಿಷಯ," ಎಂದಳು ಸ್ಫೂರ್ತಿ, ಮತ್ತು ತನ್ನ ಮಾತನ್ನು ಮುಂದುವರಿಸಿದಳು.

ಅವನು ಹೋದ ಮೇಲೆ ಅವಳು ಯಂತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು. ಕೇಲಬ್‌ನ ಮುಳ್ಳು ಸೊನ್ನೆ ಬಿಟ್ಟು ಕದಲಿರಲಿಲ್ಲ, ಅದು ಅವಳಿಗೆ ಮೊದಲೇ ಗೊತ್ತಿತ್ತು. ಎಡಗಡೆಯ ತನ್ನ ಮುಳ್ಳೂ ಕದಲಿರಲಿಲ್ಲ. ಅದನ್ನು ಅವಳು ಬಹಳ ಹೊತ್ತು ನೋಡಿದಳು, ಬೆರಳಿನಿಂದ ಗಾಜನ್ನು ಎರಡು ಸಲ ತಟ್ಟಿದಳು. ಸೆಲ್ ಮುಗಿದಿರಬೇಕು ಎಂದುಕೊಂಡು ಚೀಲದಿಂದ ಹೊಸದು ತೆಗೆದು ಹಾಕಿದಳು.

ಸೆಲ್ ಚೆನ್ನಾಗಿಯೇ ಇತ್ತು.