ಸರಪಳಿಯವಳ ಏಟು

ಎರಡು ವರ್ಷದಲ್ಲಿ ಫರಹತ ಅವನನ್ನು ಸಾವಿರ ಸಲವಾದರೂ ಕೊಂದಿದ್ದಳು. ಕುತ್ತಿಗೆಗೆ ಸರಪಳಿ ಬಿಗಿದು, ಎತ್ತಿ ನೆಲಕ್ಕೆ ಅಪ್ಪಳಿಸಿ, ಬಾಯಿಂದ ರಕ್ತ ಚಿಮ್ಮುವವರೆಗೂ ಹೊಡೆದಿದ್ದಳು. ಅವನೂ ಅವಳನ್ನು ಅಷ್ಟೇ ಸಲ ಕೊಂದಿದ್ದ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ, ಅಷ್ಟೇ.

ಅದೆಲ್ಲ ನಡೆಯುತ್ತಿದ್ದದ್ದು 'ಫ್ಯೂರಿ ಗೇಟ್'ನಲ್ಲಿ. ತೊಂಬತ್ತರ ದಶಕದ ಫೈಟಿಂಗ್ ಗೇಮ್ ಅದು. ಈಗಲೂ ಅದನ್ನು ಬಿಡಲಾರದ ಮುನ್ನೂರು ಹುಚ್ಚರು ಸೇರಿ ಆನ್‌ಲೈನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಅಲ್ಲಿ ಅವಳ ಹೆಸರು 'ಸರಪಳಿ', ಆಟದಲ್ಲಿ ಸರಪಳಿ ಬೀಸುವ ಹೆಂಗಸಿನಿಂದ ತೆಗೆದುಕೊಂಡದ್ದು. ಅವನ ಹೆಸರು 'ಇಂಡಿ'. ಇಂಗ್ಲಿಷಿನ ಯಾವುದೋ ಸ್ಟೈಲಿನ ಹೆಸರು, ಮುಂಬೈಯವನೋ ದಿಲ್ಲಿಯವನೋ ಇರಬೇಕೆಂದು ಅವಳು ತಿಳಿದಿದ್ದಳು.

ಇಬ್ಬರಿಗೂ ಜಗಳ ವರ್ಶನ್‌ಗಳ ಮೇಲೆ. ಎರಡನೆಯದಾದ ಟರ್ಬೊಗಿಂತ ಒಳ್ಳೆಯದು ಇನ್ನೊಂದಿಲ್ಲ ಎಂದು ಅವನು ಬರೆಯುತ್ತಿದ್ದ. ಮೊದಲನೆಯದರಲ್ಲಿ ಏಟು ಬಿದ್ದಾಗ ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಸದ್ದು ಬರುತ್ತದೆ, ಟರ್ಬೊದಲ್ಲಿ ಆ ತೂಕವೇ ಇಲ್ಲ ಎಂದು ಅವಳು ಉತ್ತರಿಸುತ್ತಿದ್ದಳು. ಮನೆಯಲ್ಲಿ ಆಡುವ ವರ್ಶನ್ನಿನಲ್ಲಿ ರಕ್ತ ತೆಗೆದು ಬೆವರು ಹಾಕಿದ್ದು ಮಾತ್ರ ಮಹಾಪಾಪ ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿತ್ತು.

ಒಂದು ದಿನ ಅವನು ಗೇಮ್ ಮಶೀನಿನ ಹಳೆಯ ಸರ್ಕಿಟ್ ಬೋರ್ಡೊಂದರ ಫೋಟೊ ಹಾಕಿದ. ಹಿಂದೆ ಮಸುಕಾಗಿ ಲಿಂಬೆಹಣ್ಣಿನ ಚೀಲಗಳು, ಕನ್ನಡದ ಕ್ಯಾಲೆಂಡರು. ಫರಹತ ಫೋಟೊ ದೊಡ್ಡದು ಮಾಡಿ ಕ್ಯಾಲೆಂಡರಿನ ಮೇಲಿದ್ದ ರಿಪೇರಿ ಅಂಗಡಿಯ ಹೆಸರು, ಊರು ಓದಿದಳು. ಸಿಂದಗಿಯ ಮನೆಯ ಕಟ್ಟೆಯ ಮೇಲೆ ಕುಳಿತಲ್ಲೇ ನಗು ತಡೆಯಲಾಗಲಿಲ್ಲ. ಇಂಡಿ ಎಂದರೆ ಪಕ್ಕದ ತಾಲೂಕಿನ ಇಂಡಿಯೇ, ಲಿಂಬೆಯ ಊರು. ಒಂದೇ ಬಸ್ಸಿನ ದಾರಿ.

ಐತವಾರ, ರಜೆಯ ದಿನ, ಅವಳು ಕೆಟ್ಟುಹೋದ ಬೋರ್ಡೊಂದನ್ನು ಚೀಲದಲ್ಲಿಟ್ಟುಕೊಂಡು ಹೊರಟಳು. ಅವಳ ತಂದೆ ಅಬ್ದುಲಗನಿ ಒಂದು ಕಾಲಕ್ಕೆ ಸಿಂದಗಿ ಬಸ್‌ಸ್ಟ್ಯಾಂಡಿನ ಎದುರು ವಿಡಿಯೊ ಗೇಮಿನ ಅಂಗಡಿ ಇಟ್ಟಿದ್ದರು. ಆಗಿನ ಡೂಪ್ಲಿಕೇಟ್ ಬೋರ್ಡು ಇದು. ಯಾರೋ ಕದ್ದು ತಿದ್ದಿದ ವರ್ಶನ್. ಇದರಲ್ಲಿ ಸರಪಳಿಯವಳು ಗಾಳಿಯಲ್ಲಿ ನಿಂತೇ ಬೆಂಕಿಯುಂಡೆ ಎಸೆಯುತ್ತಾಳೆ, ರಕ್ತ ಹಸಿರು.

ಇಂಡಿಯ ಆ ರಿಪೇರಿ ಅಂಗಡಿಯಲ್ಲಿ ಅದರ ಮಾಲಿಕ ಸಿಕಂದರ ತಲೆ ಬಗ್ಗಿಸಿ ಬೆಸುಗೆ ಹಾಕುತ್ತಿದ್ದ. ಸಣಕಲು ದೇಹ, ಹಣೆಯ ಮೇಲೇರಿದ ಚಷ್ಮಾ. ಮಿಕ್ಸರ್ ಇದ್ದರೆ ಅಲ್ಲಿಟ್ಟು ಹೋಗಿ, ನಾಳೆ ನೋಡುತ್ತೇನೆ ಎಂದ.

"ಮೊದಲನೇ ವರ್ಶನ್ ಎಮ್ಮಿ ನಡದಂಗ ಐತಿ ಅಂತ ಬರದವ್ರು ನೀವ ಏನ್ರಿ?"

ಅವನು ತಲೆ ಎತ್ತಿದ. ಚಷ್ಮಾ ತಾನಾಗಿ ಮೂಗಿನ ಮೇಲೆ ಜಾರಿತು. "ನೀವು... ಸರಪಳಿ?"

"ಯಾಕ್ರಿ, ಮೀಸಿ ಇರಬೇಕಿತ್ತೇನು?"

ಅವನ ಕಿವಿ ಕೆಂಪಾದವು. ಆ ಕೆಂಪು ಅವಳಿಗೆ ಇಷ್ಟವಾಯಿತು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ತಾನೇ ಜೋಡಿಸಿದ ಆಳೆತ್ತರದ ಮಶೀನು ಇತ್ತು. ಆ ದಿನ ಏಳು ಆಟದಲ್ಲಿ ಅವಳು ಐದು ಗೆದ್ದಳು. ಪ್ರತಿ ಸಲ ಸೋತಾಗ ಅವನು ಸ್ಕ್ರೀನ್ ಬಿಟ್ಟು ಅವಳ ಕೈ ನೋಡುತ್ತಿದ್ದ, ಆಮೇಲೆ ಮೆಲ್ಲನೆ ಮುಖ. ಅವಳು ಅದನ್ನು ನೋಡಿಯೂ ನೋಡದವಳಂತೆ ಬಟನ್ ಒತ್ತುತ್ತಿದ್ದಳು.

ಅಂದಿನಿಂದ ಅವಳ ಐತವಾರಗಳೆಲ್ಲ ಇಂಡಿಯ ಪಾಲಾದವು. ಡೂಪ್ಲಿಕೇಟ್ ಬೋರ್ಡನ್ನು ಅವನು ಮೂರು ವಾರ ಹಿಡಿದು ಬದುಕಿಸಿದ. ಮೊದಲ ಹಸಿರು ರಕ್ತ ಚಿಮ್ಮಿದಾಗ ಇಬ್ಬರೂ ಮಕ್ಕಳಂತೆ ನಕ್ಕರು.

ಒಮ್ಮೆ ಅವನು ಮೇಲಿನ ಹಲಗೆಯಿಂದ ವೈರು ತೆಗೆಯಲು ತಟ್ಟನೆ ಕೈ ಎತ್ತಿದ. ಫರಹತ ಗೋಡೆಗೆ ಸರಿದು ಮುಖ ಮುಚ್ಚಿಕೊಂಡಳು. ಅವನು ಏನೂ ಕೇಳಲಿಲ್ಲ. ಮುಂದಿನ ವಾರ ಬಂದಾಗ ಆ ಹಲಗೆಯ ಸಾಮಾನೆಲ್ಲ ಸೊಂಟದೆತ್ತರಕ್ಕೆ ಇಳಿದಿತ್ತು.

ಆವತ್ತು ಅವಳೇ ಹೇಳಿದಳು. ಆಲಮೇಲಕ್ಕೆ ಮದುವೆಯಾಗಿ ಹೋದದ್ದು, ಗಂಡ ದಾವಲಮಲಿಕ ಚಹಾ ಆರಿದೆಯೆಂದು ಮೊದಲ ಸಲ ಕೆನ್ನೆಗೆ ಹೊಡೆದದ್ದು, ಮರುದಿನ ಇನ್ನೆಂದೂ ಕೈ ಎತ್ತುವುದಿಲ್ಲವೆಂದು ಅತ್ತದ್ದು, ಹನ್ನೊಂದನೇ ತಿಂಗಳಿಗೆ ಒದ್ದು ಪಕ್ಕೆಲುಬು ಮುರಿದದ್ದು. ತಾನೇ ವಿಚ್ಛೇದನ ಕೇಳಿ ಖುಲಾ ತೆಗೆದುಕೊಂಡು ತಂದೆಯ ಮನೆಗೆ ಬಂದು ಮೂರು ವರ್ಷವಾಗಿತ್ತು. ಆಟದಲ್ಲಿ ಎಷ್ಟು ಹೊಡೆದರೂ ಯಾರಿಗೂ ನೋವಾಗುವುದಿಲ್ಲ, ಅದಕ್ಕೇ ಅದರ ಹುಚ್ಚು ಎಂದಳು. ಸಿಕಂದರ ಕೇಳುತ್ತ ಕುಳಿತ. ಅವಳು ಮುಗಿಸಿದ ಮೇಲೆ ಚಹಾ ತರಿಸಿದ, ಅದು ಆರುವವರೆಗೂ ಇಬ್ಬರೂ ಕುಡಿಯಲಿಲ್ಲ.

ದಾವಲಮಲಿಕನಿಗೆ ಸುದ್ದಿ ಮುಟ್ಟಿತು. ಬಿಟ್ಟ ಹೆಂಡತಿ ಇಂಡಿಗೆ ಹೋಗಿ ಬರುತ್ತಾಳೆಂದು ಯಾರೋ ಆಡಿಕೊಂಡರಂತೆ. ಮುಂದಿನ ಐತವಾರ ಮಟಮಟ ಮಧ್ಯಾಹ್ನ ಅವನು ಕಬ್ಬಿಣದ ರಾಡು ಹಿಡಿದು ಅಂಗಡಿಗೆ ನುಗ್ಗಿದ.

ಮೊದಲ ಏಟಿಗೆ ಮಶೀನಿನ ಗಾಜು ಪುಡಿಯಾಯಿತು. ಎರಡನೆಯದು ಫರಹತಳ ತಲೆಗೆ ಬರುತ್ತಿತ್ತು, ಸಿಕಂದರ ಬಲಗೈ ಅಡ್ಡ ಹಿಡಿದ. ಎಲುಬು ಮುರಿದದ್ದು ಅವಳಿಗೆ ಕೇಳಿಸಿತು. ಯಾವ ವರ್ಶನ್ನಿನಲ್ಲೂ ಇಲ್ಲದ ಸದ್ದು. ಅವನು ಕುಸಿದ. ದಾವಲಮಲಿಕ ಬಿದ್ದವನ ಹೊಟ್ಟೆಗೆ ಒದ್ದ, ಮತ್ತೆ ಒದ್ದ, ಮುಖಕ್ಕೆ ಬೂಟು ಎತ್ತಿದ.

ಫರಹತ ಸ್ಟೀಲ್ ಸ್ಟೂಲನ್ನು ಎರಡೂ ಕೈಯಿಂದ ಎತ್ತಿ ಅವನ ಬೆನ್ನಿಗೆ ಬೀಸಿದಳು. ಅವನು ತಿರುಗಿ ಅವಳ ಕೂದಲು ಹಿಡಿದು ತಲೆಯನ್ನು ಗೋಡೆಗೆ ಬಡಿದ. ಬಾಯಿ ತುಂಬ ರಕ್ತದ ರುಚಿ. ಮೊಣಕೈ ಹಿಂದಕ್ಕೆ ಹೊಡೆದಳು. ಅವನ ಮೂಗು ಸಿಡಿಯಿತು, ಹಿಡಿತ ಬಿಟ್ಟಿತು. ಮತ್ತೆ ಎತ್ತಿಕೊಂಡ ಸ್ಟೂಲು ಅವನ ಮೊಣಕಾಲಿಗೆ ಬಿತ್ತು. ಅವನು ಬಿದ್ದ. ಇನ್ನೊಂದು ಏಟು ತಲೆಗೆ ಬಿತ್ತು. ಅವಳು ನಿಲ್ಲಿಸಲಿಲ್ಲ. ಹೆಗಲಿಗೆ, ಬೆನ್ನಿಗೆ, ಮುಚ್ಚಿಕೊಂಡ ಕೈಗಳಿಗೆ ಹೊಡೆದಳು. ಅವನು ಕುರಿಯಂತೆ ಕೂಗುತ್ತಿದ್ದ. ಆ ಕೂಗು ಅವಳಿಗೆ ಹಿತವೆನಿಸಿತು.

"ಸಾಕ್ರಿ," ಎಂದ ಸಿಕಂದರ, ನೆಲದಿಂದಲೇ.

ಸ್ಟೂಲು ಅವಳ ಕೈಯಿಂದ ಬಿದ್ದುಹೋಯಿತು. ಅಷ್ಟರಲ್ಲಿ ಜನ ಕೂಡಿದ್ದರು.

ಪೊಲೀಸರು ದಾವಲಮಲಿಕನನ್ನು ಒಯ್ದು, ತಲೆಗೆ ಹೊಲಿಗೆ ಹಾಕಿಸಿ, ಒಳಗೆ ಹಾಕಿದರು. ಫರಹತ ನಡೆದದ್ದೆಲ್ಲ ಹೇಳಿಕೆ ಕೊಟ್ಟಳು. ಹಿತವೆನಿಸಿದ್ದೊಂದನ್ನು ಮಾತ್ರ ಹೇಳಲಿಲ್ಲ. ಮನೆಗೆ ಬಂದವಳು ಗುಂಪಿನಿಂದ ಹೊರಬಿದ್ದಳು, ಸಿಕಂದರನ ಮೆಸೇಜುಗಳನ್ನು ಓದಿ ಉತ್ತರಿಸದೆ ಬಿಟ್ಟಳು. ಕನ್ನಡಿಯಲ್ಲಿ ಮುಖ ನೋಡಿಕೊಂಡಾಗ ಸ್ಟೂಲು ಎತ್ತಿದ ಹೆಂಗಸೇ ಕಾಣುತ್ತಿದ್ದಳು. ದಾವಲಮಲಿಕನ ಮನೆಯಲ್ಲಿದ್ದು ಅವನಂತೆಯೇ ಆಗಿಬಿಟ್ಟೆನೇ ಎಂಬ ಹೆದರಿಕೆ ಅವಳನ್ನು ತಿನ್ನುತ್ತಿತ್ತು. ತನ್ನಿಂದ ದೂರವಿದ್ದರೇ ಸಿಕಂದರ ಸುಖವಾಗಿರುತ್ತಾನೆ ಎಂದುಕೊಳ್ಳುತ್ತಿದ್ದಳು.

ಇಪ್ಪತ್ತು ದಿನದ ಮೇಲೆ ಒಂದು ಬೆಳಿಗ್ಗೆ ಸಿಕಂದರನೇ ಸಿಂದಗಿಗೆ ಬಂದ. ಬಲಗೈಗೆ ಪ್ಲಾಸ್ಟರು, ಹುಬ್ಬಿನ ಮೇಲೆ ಹೊಸ ಗಾಯದ ಗೆರೆ. ಅಬ್ದುಲಗನಿ ಅವನನ್ನು ಕಟ್ಟೆಯ ಮೇಲೆ ಕೂಡಿಸಿ, ಮಗಳನ್ನು ಕರೆದು, ತಾವು ಚಹಾದ ನೆಪದಲ್ಲಿ ಒಳಗೆ ಹೋದರು.

ಫರಹತ ಕಂಬದ ಹತ್ತಿರ ನಿಂತಳು. ಕೈ ಹೇಗಿದೆ ಎಂದು ಕೇಳಿದಳು. ಎಲುಬು ಕೂಡುತ್ತದಂತೆ, ಆದರೆ ಬೆರಳು ಮೊದಲಿನಷ್ಟು ಚುರುಕಾಗುವುದಿಲ್ಲ, ಇನ್ನು ಏಳಕ್ಕೆ ಏಳೂ ನೀವೇ ಗೆಲ್ಲುತ್ತೀರಿ ಎಂದ. ಅವಳು ನಗಲಿಲ್ಲ.

"ಅವತ್ತ ನನ್ನ ನೋಡಿ ನಿಮಗ ಅಂಜಿಕಿ ಆಗಲಿಲ್ಲೇನ್ರಿ?"

"ಆತ್ರಿ. ಸುಳ್ಳ ಯಾಕ ಹೇಳ್ಲಿ."

ಅವಳ ಕಣ್ಣು ತುಂಬಿತು. "ನನಗ ಅದು ಚಲೋ ಅನಿಸ್ತಿತ್ತು. ಹೊಡಿಯೂದು. ಅವಗೂ ಹಂಗ ಅನಿಸ್ತಿರಬೇಕು. ಅದಕ್ಕ ಬರಬ್ಯಾಡ್ರಿ. ನಾನೂ ಅವನಂಗ ಇದ್ದೇನಿ."

ಸಿಕಂದರ ಅವಳತ್ತ ತಿರುಗಿದ. "ನೀವು ಅವಗ ಎಷ್ಟ ಸಲ ಸಾಕು ಅಂದಿದ್ರಿ?"

ಫರಹತ ಎಣಿಸಲು ಹೋದಳು. ಆಗಲಿಲ್ಲ.

"ನಾ ಒಂದ ಸಲ ಅಂದ್ನಿ," ಎಂದ ಅವನು. "ನೀವು ನಿಂತ್ರಿ."

ಬೀದಿಯಲ್ಲಿ ಆಲಮೇಲದ ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. ಫರಹತ ಕಂಬಕ್ಕೆ ಹಣೆ ಆನಿಸಿ ಅತ್ತಳು. ಮೂರು ವರ್ಷದಿಂದ ಅಳದೇ ಉಳಿದದ್ದನ್ನೆಲ್ಲ ಅತ್ತಳು. ಅವನು ಎದ್ದು ಹತ್ತಿರ ಬಂದು, ಮುಟ್ಟದೆ ನಿಂತ. ಅಳು ತಗ್ಗಿದ ಮೇಲೆ ಅವಳು ದುಪ್ಪಟ್ಟಾದಿಂದ ಮುಖ ಒರೆಸಿಕೊಂಡು ಕೇಳಿದಳು:

"ಕೈ ಎತ್ತೂದಿಲ್ಲ ಅಂತ ಮಾತು ಕೊಡಾಕ ಬಂದೀರೇನು? ಕೊಡಬ್ಯಾಡ್ರಿ. ಅವನೂ ಕೊಟ್ಟಿದ್ದ."

"ಕೊಡಾಕ ಬಂದಿಲ್ರಿ. ಕೇಳಾಕ ಬಂದೇನಿ." ಅವನ ಕಿವಿ ಮತ್ತೆ ಕೆಂಪಾದವು. "ನನ್ನ ಜೋಡಿ ನಿಕಾ ಆಗ್ತೀರೇನು?"

ಪ್ಲಾಸ್ಟರಿನ ಅಂಚಿನಿಂದ ಅವನ ಬೆರಳ ತುದಿಗಳು ಹೊರಗೆ ಇಣುಕುತ್ತಿದ್ದವು, ಊದಿಕೊಂಡು, ಇನ್ನೂ ನೀಲಿಯಾಗಿ. ಫರಹತ ಅವನ್ನು ನೋಡಿದಳು. ಆಮೇಲೆ ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದನ್ನೇ, ನೋಯದಂತೆ, ಮುಟ್ಟುತ್ತ ಬಂದಳು. ಕಿರುಬೆರಳು ಬಂದಾಗ ಹಿಡಿದುಕೊಂಡಳು, ಬಿಡಲಿಲ್ಲ.

ಒಳಗೆ ಕಪ್ಪುಬಸಿಗಳ ಸದ್ದು ಬಾಗಿಲ ಹತ್ತಿರ ಬರುತ್ತಿತ್ತು.

"ನನಗ ಕೇಳಿದ್ದ ಆತು," ಎಂದಳು ಮೆಲ್ಲನೆ. "ಇನ್ನ ಅಬ್ಬಾಗ ಕೇಳ್ರಿ."