ಕತ್ತರಿಸಿದ ಬೆಲ್ಟ್, ಕುದಿಯದ ಎಂಜಿನ್

ಎರಡನೇ ಓಟ ಮುಗಿಸಿ ಗುಡ್ಡದ ತುದಿಯಲ್ಲಿ ಟೇಗನ್ ತನ್ನ ಯೂಟ್ ಪಿಕಪ್ ಗಾಡಿಯ ಬಾನೆಟ್ ಎತ್ತಿದಳು. ಎತ್ತಿದವಳು ಹಾಗೇ ನಿಂತುಬಿಟ್ಟಳು.

ಎಂಜಿನ್ನಿನ ಮುಂದೆ ಮೂರು ಪುಲಿ ಚಕ್ರಗಳನ್ನು ಸುತ್ತಿಕೊಂಡಿರಬೇಕಾದ ರಬ್ಬರ್ ಬೆಲ್ಟ್ ತುಂಡಾಗಿ ಕೆಳಗಿನ ತಗಡಿನ ಮೇಲೆ ಬಿದ್ದಿತ್ತು.

"ಹಳೇ ಬೆಲ್ಟ್ ಹಾಕಿದ್ದೀಯಾ," ಎಂದ ಕ್ಲಬ್ ಅಧ್ಯಕ್ಷ ಕಾಲಿನ್. "ಕಳಪೆ ಕೆಲಸ. ಮೂರು ಗಂಟೆಯ ಕೊನೇ ಓಟಕ್ಕೆ ನಿನ್ನ ಬಿಡಲ್ಲ."

"ಕಾಲಿನ್, ನಾನು ಗ್ಯಾರೇಜ್ ತೆಗೆದು ಎರಡು ತಿಂಗಳಾಯ್ತು ಅಷ್ಟೆ. ಕಳಪೆ ಅಂತ ನನ್ನ ಹೊರಗೆ ಹಾಕಿದ್ರೆ ಈ ಊರಲ್ಲಿ ನನ್ನ ಹತ್ರ ಯಾರು ಗಾಡಿ ತರ್ತಾರೆ?"

ಅಷ್ಟರಲ್ಲಿ ನನ್ನ ಹೆಂಡತಿ ಗ್ಲೆನಿಸ್ ಬಗ್ಗಿ ಬೆಲ್ಟನ್ನು ಕೈಗೆತ್ತಿಕೊಂಡಳು. ಮೂವತ್ತು ವರ್ಷ ಶಾಲೆಯ ಬಸ್ ಓಡಿಸಿದವಳು. ಈಗ ಓಟದ ಗಾಡಿಗಳ ಬ್ರೇಕು, ಟೈರು ಪರೀಕ್ಷಿಸುತ್ತಾಳೆ. ಹಿಂದಿನ ಸೀಟಿನಲ್ಲಿ ಯಾರು ಯಾರನ್ನು ಚಿವುಟಿದರು ಎಂದು ಕನ್ನಡಿಯಲ್ಲೇ ಕಂಡುಹಿಡಿಯುತ್ತಿದ್ದ ಹೆಂಗಸು.

"ಸವೆದು ತುಂಡಾಗಿದ್ರೆ ಪೂರ್ತಿ ಪಿಂಜಿರಬೇಕಿತ್ತು," ಎಂದಳು. "ಇಲ್ನೋಡು. ಮುಕ್ಕಾಲು ಭಾಗ ಬೆಣ್ಣೆ ಕುಯ್ದ ಹಾಗಿದೆ. ಉಳಿದ ಕಾಲು ಭಾಗ ಮಾತ್ರ ಹರಿದಿದೆ. ಯಾರೋ ಚಾಕು ಹಾಕಿದ್ದಾರೆ ಕಾಲಿನ್."

"ಯಾರು?"

"ಮೂರು ಗಂಟೆಯೊಳಗೆ ಹೇಳ್ತೀನಿ."

ನನ್ನ ಗಡಿಯಾರದಲ್ಲಿ ಒಂದೂವರೆ.

*

ನಮ್ಮ ಬರಾಂಡೂಲ್ ಊರಿನ ಮ್ಯಾಗ್‌ಪೈ ಗುಡ್ಡದ ಓಟದಲ್ಲಿ ಒಂದೊಂದೇ ಗಾಡಿ ಗಡಿಯಾರದ ವಿರುದ್ಧ ಹತ್ತಬೇಕು. ಒಬ್ಬೊಬ್ಬರಿಗೆ ಮೂರು ಓಟ. ಮೂರು ನಿಮಿಷ ಎಂಟು ಸೆಕೆಂಡಿನ ದಾಖಲೆ ಮೂವತ್ತೊಂದು ವರ್ಷದಿಂದ ಮರ್ವ್ ಟ್ರೆಜೀಸ್ ಹೆಸರಲ್ಲಿದೆ. ದಾಖಲೆ ಇದ್ದವರ ಮನೆಯಲ್ಲಿ ಒಂದು ಸೊಟ್ಟ ಕೆಟಲ್ ಇರುತ್ತದೆ. ಮೊದಲ ವರ್ಷ ಕುದಿದು ನಿಂತ ಗಾಡಿಗೆ ನೀರು ಹೊಯ್ದ ಕೆಟಲ್ ಅದು. ದಾಖಲೆ ಮುರಿದರೆ, ಸೋತವನೇ ಅದರಲ್ಲಿ ಚಹಾ ಕಾಯಿಸಿ ಗೆದ್ದವರಿಗೆ ಬಡಿಸಬೇಕು.

ಈ ಗುಡ್ಡದಲ್ಲಿ ಎಂಜಿನ್ ಕುದಿಸದೆ ಹತ್ತುವುದೇ ದೊಡ್ಡ ವಿದ್ಯೆ. ಎಲ್ಲರ ಗಾಡಿಯಲ್ಲೂ ನೀರು ತಿರುಗಿಸುವ ಪಂಪನ್ನು ಎಂಜಿನ್ನೇ ಬೆಲ್ಟಿನಿಂದ ಎಳೆಯುತ್ತದೆ. ಟೇಗನ್ ಅದನ್ನು ಬಿಟ್ಟು ರೇಡಿಯೇಟರ್ ಪೈಪಿಗೆ ಬ್ಯಾಟರಿಯಿಂದ ಓಡುವ ಪಂಪ್ ಕೂರಿಸಿದ್ದಳು. ಎಂಜಿನ್ನಿಗೆ ಅಷ್ಟು ಭಾರ ಕಡಿಮೆ. "ಆಟಿಕೆ" ಎಂದು ಹಳಬರು ನಕ್ಕಿದ್ದೇ ನಕ್ಕಿದ್ದು. ಈಗ ನೋಡಿ, ಎರಡನೇ ಓಟ ಮೂರು ನಿಮಿಷ ಒಂಬತ್ತು ಸೆಕೆಂಡ್. ನಗು ಎಲ್ಲಿ ಹೋಯಿತೋ!

*

ಕೆಳಗೆ ಕಡುಬಿನಂಥ ಪೈ ಮಾರುವ ನನ್ನ ಅಂಗಡಿಯ ಪಕ್ಕದಲ್ಲೇ ಡಾರ್ಸಿ ಮುಲ್ಕೇಹಿ ಸಿಕ್ಕಿದ. ಟೇಗನ್‌ಳ ಮುಖ್ಯ ಎದುರಾಳಿ. ಸೊಂಟದಲ್ಲಿ ಚಾಕು. ಗ್ಲೆನಿಸ್ ಕೇಳದೇ ಅದನ್ನು ಎಳೆದಳು. ಅಲಗಿನ ಮೇಲೆ ಕಪ್ಪು ರಬ್ಬರಿನ ಪುಡಿ!

ಸಿಕ್ಕಿಬಿದ್ದ ಕಳ್ಳ!

"ಇದೇನೋ ಡಾರ್ಸಿ?" ಎಂದಳು.

"ಬಾಗಿಲು ಗಡಗಡ ಅಂತಿತ್ತು. ಹಳೇ ಟೈರ್ ಕುಯ್ದು ತುಂಡು ಸಿಕ್ಕಿಸ್ದೆ. ಹೋಗಿ ನೋಡು ಬೇಕಾದ್ರೆ." ಬಾಯಲ್ಲಿ ಪೈ ಇಟ್ಟುಕೊಂಡೇ ಹೇಳಿದ. "ಅಲ್ಲಾ ಗ್ಲೆನಿಸ್, ನಾನು ಆ ಬೆಲ್ಟ್ ಕುಯ್ಯೋಕೆ ನನ್ನ ತಲೆ ಕೆಟ್ಟಿದ್ಯಾ? ಇದು ನೋಡು."

ಅವನ ಕೀಗೊಂಚಲಿನಲ್ಲಿ ಅಂಗೈಯಗಲದ ಕಬ್ಬಿಣದ ಚಕ್ರವೊಂದು ತೂಗುತ್ತಿತ್ತು.

"ಅವಳ ಹಳೇ ಪಂಪಿನೊಳಗೆ ನೀರು ತಳ್ತಿದ್ದ ರೆಕ್ಕೆ. ಗುರುವಾರ ಪಬ್ಬಲ್ಲಿ ಗೆದ್ದೋರಿಗೆ ಮಾಂಸ ಕೊಡೋ ಲಾಟರಿ ಇತ್ತಲ್ಲ, ತಮಾಷೆಗೆ ಅಂತ ಸಾಸೇಜ್ ತಟ್ಟೆ ಮೇಲೆ ಇಟ್ಟಿದ್ಲು. ಗೆದ್ದಿದ್ದು ನಾನು. ಕ್ಲಬ್ಬಿನೋರೆಲ್ಲ ಕೈಯಿಂದ ಕೈಗೆ ದಾಟಿಸ್ಕೊಂಡು ನಕ್ರು. ತಟ್ಟೆ ಇಡೋಕೆ ಜಾಗ ಇಲ್ಲದೆ ಮರ್ವ್‌ನ ಖಾಲಿ ಕುರ್ಚಿ ಮೇಲೆ ಇಟ್ಟೆ ಅಂದ್ರೆ ಎಷ್ಟು ಜನ ಇದ್ರು ಲೆಕ್ಕ ಹಾಕು. ಸಾಸೇಜ್ ತಿಂದೆ, ಚಕ್ರ ಇಟ್ಕೊಂಡೆ."

ಗ್ಲೆನಿಸ್ ಹೋಗಿ ಅವನ ಕಾರಿನ ಬಾಗಿಲು ನೋಡಿ ಬಂದಳು. ಟೈರಿನ ತುಂಡು ಅಲ್ಲೇ ಇತ್ತು. ಚಾಕು ವಾಪಸ್ ಕೊಟ್ಟಳು. ನನಗೆ ತಲೆ ಚಿಟ್ಟು ಹಿಡಿಯಿತು.

"ಇವನಲ್ಲದಿದ್ರೆ ಇನ್ಯಾರೇ?"

"ನೀನು ಹೇಳು. ಇವತ್ತು ಅಂಗಡಿ ಮುಂದೆ ವಿಚಿತ್ರ ಏನಾದ್ರೂ ಕಂಡ್ಯಾ?"

"ಮರ್ವ್ ಪೈ ತಗೊಳ್ಳಲಿಲ್ಲ. ಹದಿನೈದು ವರ್ಷದಲ್ಲಿ ಮೊದಲ ಸಲ! ಎರಡನೇ ಓಟಕ್ಕೆ ಮೊದಲು ಆ ಕೆಟ್ಟ ಮಂಡಿ ಎಳ್ಕೊಂಡು, ಎರಡು ಕ್ಯಾನ್ ನೀರು ಹೊತ್ಕೊಂಡು ಗುಡ್ಡ ಹತ್ತಿದ. ಎರಡನೇ ತಿರುವಲ್ಲಿ ನಿಂತ್ಕೋತೀನಿ ಅಂದ."

ಗ್ಲೆನಿಸ್ ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಹಗಲು ಹೊತ್ತಿನಲ್ಲಿ, ಗಿರಾಕಿಗಳ ಎದುರಿಗೆ!

*

ಎರಡೂ ಮುಕ್ಕಾಲಿಗೆ ಎಲ್ಲರೂ ಯೂಟ್ ಸುತ್ತ ನೆರೆದರು. ಎಪ್ಪತ್ತೊಂದರ ಮರ್ವ್ ಕೂಡ ಬಂದ. ಟೇಗನ್‌ಗೆ ಎಂಟು ವರ್ಷ ಸ್ಪಾನರ್ ಹಿಡಿಯಲು ಕಲಿಸಿದವನು ಅವನೇ. ಇಂದು ಬೆಳಿಗ್ಗೆ ಬಾನೆಟ್ ಎತ್ತಿ, ಎಂಜಿನ್ ಓಡಿಸಿ ಪರೀಕ್ಷಿಸಿದವನೂ ಅವನೇ.

"ಗುಡ್ಡದ ತುದೀಲೇ ಬೆಲ್ಟ್ ತುಂಡಾಗಿರಬೇಕು," ಎಂದು ಗೊಣಗಿದ. "ಅದೃಷ್ಟ ಚೆನ್ನಾಗಿತ್ತು ಹುಡುಗಿದು."

"ಟೇಗನ್, ಎಂಜಿನ್ ಶುರು ಮಾಡು," ಎಂದಳು ಗ್ಲೆನಿಸ್. "ಬೆಲ್ಟ್ ಹಾಕ್ಬೇಡ. ಚೆನ್ನಾಗಿ ಆಕ್ಸಿಲರೇಟರ್ ಒತ್ತಿ ಹಿಡಿ."

ಎಂಜಿನ್ ಕೂಗಿತು. ಒಂದು ನಿಮಿಷ. ಎರಡು. ಡಾರ್ಸಿ ಇನ್ನೊಂದು ಪೈ ಕಚ್ಚಿದ. ಕಾಲಿನ್ ಕೈಕಟ್ಟಿ ನಿಂತ. ಐದು ನಿಮಿಷ. ಮರ್ವ್‌ನ ಹಣೆಯಲ್ಲಿ ಬೆವರು. ಒಂದು ಹೆಜ್ಜೆ ಮುಂದೆ ಇಟ್ಟ, ಹಿಂದೆ ಸರಿದ. ಆರನೇ ನಿಮಿಷಕ್ಕೆ ನೀರಿನ ಕ್ಯಾನ್ ಹಿಡಿದು ಕುಂಟುತ್ತಾ ಓಡಿಯೇ ಬಂದ.

"ಆಫ್ ಮಾಡೇ! ನೀರು ತಿರುಗ್ತಿಲ್ಲ ಕಣೇ! ಎಂಜಿನ್ ಸುಟ್ಟೋಗತ್ತೆ!"

ಯಾರೂ ಅಲುಗಲಿಲ್ಲ. ಎಂಜಿನ್ನಿನ ಶಾಖ ತೋರಿಸುವ ಮುಳ್ಳು ಎಂಬತ್ತೆರಡು ಡಿಗ್ರಿಯಲ್ಲಿ ತಣ್ಣಗೆ ಕೂತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಟೇಗನ್ ಎಂಜಿನ್ ನಿಲ್ಲಿಸಿದಳು. ನಿಂತ ಎಂಜಿನ್ನಿನ ಒಳಗಿಂದ ಸಣ್ಣ ಗುಂಯ್ ಸದ್ದು ಬರುತ್ತಲೇ ಇತ್ತು. ಬ್ಯಾಟರಿ ಪಂಪ್ ಇನ್ನೂ ನೀರು ತಿರುಗಿಸುತ್ತಿತ್ತು. ಮರ್ವ್ ಅದನ್ನು ಕೇಳಿಸಿಕೊಂಡ. ಕ್ಯಾನ್ ಕೈಜಾರಿತು.

"ಮರ್ವ್," ಗ್ಲೆನಿಸ್ ಮೆಲ್ಲಗೆ ಹೇಳಿದಳು, "ಈ ಗಾಡಿ ಕುದಿಸ್ಬೇಕು ಅನ್ನೋರು ಪಂಪಿನ ವೈರ್ ಕತ್ತರಿಸ್ತಿದ್ರು. ಬೆಲ್ಟ್ ಕುಯ್ದೋನು ಹಳೇ ಪಂಪೇ ಕೆಲಸ ಮಾಡ್ತಿದೆ ಅಂದ್ಕೊಂಡಿದ್ದ. ಬೆಳಿಗ್ಗೆ ಅದರ ಪುಲಿ ಗಿರಗಿರ ತಿರುಗ್ತಿದ್ದದ್ದು ನೀನು ನೋಡ್ದೆ. ಬ್ಯಾಟರಿ ಪಂಪ್ ಬರೀ ತೋರಿಕೆಗೆ ಅಂದ್ಕೊಂಡೆ. ಬೆಲ್ಟ್ ಬ್ಯಾಟರಿ ಚಾರ್ಜ್ ಮಾಡೋ ಪುಲಿವರೆಗೆ ಹೋಗೋಕೆ ದಾರಿ ಬೇಕು ಅಂತ ಅವಳು ಹಳೇ ಪಂಪಿನ ಖಾಲಿ ಡಬ್ಬಿ ಉಳಿಸ್ಕೊಂಡಿದ್ಲು. ಒಳಗಿನ ರೆಕ್ಕೆ ಡಾರ್ಸಿ ಕೀಗೊಂಚಲಲ್ಲಿದೆ. ಎಲ್ಲಾರೂ ಅದನ್ನ ಮುಟ್ಟಿ ನೋಡಿದ್ರು. ಗುರುವಾರ ಬರದೇ ಇದ್ದೋನು ನೀನೊಬ್ನೇ."

"ಅದು ಸಾಕ್ಷಿ ಅಲ್ಲ," ಎಂದ ಮರ್ವ್.

"ನೀರು ಸಾಕ್ಷಿ. ಬೆಲ್ಟ್ ತುಂಡಾಗತ್ತೆ ಅಂತ ಯಾರಿಗೂ ಗೊತ್ತಿಲ್ಲದ ಹೊತ್ತಲ್ಲಿ ನೀನು ನೀರು ಹೊತ್ಕೊಂಡು ಹೋಗಿ ಕಾದೆ. ಅವಳು ಸೋಲ್ಬೇಕಿತ್ತು ನಿಂಗೆ. ಆದ್ರೆ ಎಂಜಿನ್ ಸಾಯ್ಬಾರ್ದಿತ್ತು. ಮೆಕ್ಯಾನಿಕ್ ಬುದ್ಧಿ ನಿನ್ನ ಹಿಡ್ಕೊಟ್ಟಿತು."

ಮರ್ವ್ ತಲೆ ತಗ್ಗಿಸಿದ. "ಮೂವತ್ತೊಂದು ವರ್ಷ ಆ ದಾಖಲೆ ಬೋರ್ಡಲ್ಲಿ ನಂದೊಂದೇ ಹೆಸರು. ಹೊಟ್ಟೆಕಿಚ್ಚು ಕಣಮ್ಮ. ಊಟದ ಹೊತ್ತಲ್ಲಿ ಕುಯ್ದೆ."

"ಕ್ಲಬ್ಬಿಂದ ಆಚೆಗೆ ನಡಿ!" ಕಾಲಿನ್ ಗುಡುಗಿದ. ಆಮೇಲೆ ಟೇಗನ್ ಕಡೆ ತಿರುಗಿ ಟೋಪಿ ತೆಗೆದ. "ನಿನ್ನ ಕೆಲಸ ಕಳಪೆ ಅಂದೆ. ತಪ್ಪಾಯ್ತು. ಹೊಸ ಬೆಲ್ಟ್ ಹಾಕ್ಕೋ, ಓಡು."

"ಬೆಲ್ಟ್ ಬೇಡ. ಮೂರು ನಿಮಿಷಕ್ಕೆ ಬ್ಯಾಟರಿ ಸಾಕು," ಎಂದಳು ಟೇಗನ್. ಅವಳ ಕಣ್ಣು ಒದ್ದೆಯಾಗಿತ್ತು, ಗಲ್ಲ ಮಾತ್ರ ಮೇಲಿತ್ತು. "ಮತ್ತೆ ಮರ್ವ್ ಅಜ್ಜನ್ನ ಈಗಲೇ ಕಳಿಸ್ಬೇಡಿ. ಕೆಟಲ್ ತರ್ಲಿ."

*

ಮೂರು ನಿಮಿಷ ನಾಲ್ಕು ಸೆಕೆಂಡ್!

ನಾನು ಪೈ ತಟ್ಟೆ ಎಸೆದು ಕುಣಿದೆ. ಡಾರ್ಸಿ ಅವಳನ್ನು ಹೆಗಲ ಮೇಲೆ ಹೊತ್ತ. ಆ ಸಂಜೆಯೇ ಐದು ಜನ ತಮ್ಮ ಗಾಡಿಗೂ ಬ್ಯಾಟರಿ ಪಂಪ್ ಬೇಕೆಂದು ಅವಳ ಬೆನ್ನು ಬಿದ್ದರು. ಮೊದಲನೆಯವನು ಕಾಲಿನ್.

ಮರ್ವ್ ಗುಡ್ಡದ ಬುಡದಲ್ಲಿ ಒಲೆ ಹಚ್ಚಿ ಸೊಟ್ಟ ಕೆಟಲ್ ಇಟ್ಟ. ತಾನು ಹೊತ್ತು ತಂದಿದ್ದ ಕ್ಯಾನಿನ ನೀರನ್ನೇ ಅದಕ್ಕೆ ಹೊಯ್ದ. ಇಡೀ ಊರು ಸುತ್ತ ನಿಂತು ನೋಡಿತು.

"ಸಕ್ಕರೆ?" ಎಂದ, ಮುಖ ಎತ್ತದೆ.

"ಎರಡು ಚಮಚ ಅಜ್ಜ. ಎಂಟು ವರ್ಷ ಹಾಕಿ ಕೊಟ್ಟಿದ್ದೀರ, ಮರೆತ್ರಾ?"

ಮರ್ವ್ ಅತ್ತೇಬಿಟ್ಟ. ಕೆಟಲ್ ಉಸ್ಸೆಂದು ಹಬೆ ಉಗುಳಿತು. ಆ ದಿನ ಮ್ಯಾಗ್‌ಪೈ ಗುಡ್ಡದಲ್ಲಿ ಕುದಿದದ್ದು ಅದೊಂದೇ.